ಮೇಜಿನ ಈಚೆ ತುದಿ

ಉದ್ದನೆಯ ಮರದ ಮೇಜು. ಮೇಲಿನಿಂದ ಇಳಿಬಿಟ್ಟ ಒಂಟಿ ದೀಪ, ಅದಕ್ಕೊಂದು ಟೋಪಿಯಂಥ ಮುಚ್ಚಳ. ಬೆಳಕು ಮೇಜಿನ ನಡುವಿಗೆ ಬಿದ್ದು, ಅಲ್ಲಿಂದ ಕೂತವರ ಮುಖಕ್ಕೆ ಚಿಮ್ಮುತ್ತದೆ. ಕೋಣೆಯ ಮೂಲೆಗಳು ಮಬ್ಬಿನಲ್ಲೇ ಉಳಿಯುತ್ತವೆ. ಮೇಜಿನ ಆಚೆ ತುದಿಯಲ್ಲಿ ಒಬ್ಬ ಕಪ್ಪು ಹೆಂಗಸು. ಒಲೆ ಎದ್ದು ಕಾಣುವುದಿಲ್ಲ, ಪಾತ್ರೆಗಳ ಸಾಲೂ ಇಲ್ಲ. ಆದರೂ ಇದು ಅಡುಗೆಮನೆ ಎಂದು ನಂಬುವುದಕ್ಕೆ ಕಷ್ಟವಾಗುವುದಿಲ್ಲ. ಊಟ ಮುಗಿದ ಮೇಲೂ ಯಾರೂ ಎದ್ದು ಹೋಗದ ಜಾಗ ಯಾವುದೆಂದು ಮನೆಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು.

ಈಗ ಮೇಜಿನ ಈಚೆ ತುದಿ ನೋಡಿ. ಅದು ಚಿತ್ರದ ಕೆಳ ಅಂಚಿನಲ್ಲಿ ನಿಲ್ಲುವುದೇ ಇಲ್ಲ, ಅಂಚನ್ನು ದಾಟಿ ನಮ್ಮ ಹೊಟ್ಟೆಯವರೆಗೂ ಬಂದುಬಿಡುತ್ತದೆ. ಎದುರು ಕೂತವರಿಗೆ ಮೇಜು ಹೇಗೆ ಕಾಣುತ್ತದೋ ಹೆಚ್ಚುಕಡಿಮೆ ಹಾಗೆಯೇ ನಮಗೂ ಕಾಣುತ್ತದೆ. ದೂರ ನಿಂತು ಕೈಕಟ್ಟಿಕೊಂಡು ನೋಡುವುದಕ್ಕೆ ಇಲ್ಲಿ ಜಾಗವಿಲ್ಲ. ನೋಡಬೇಕಾದರೆ ಕುರ್ಚಿ ಎಳೆದುಕೊಂಡು ಕೂರಬೇಕು.

ಇದು ಛಾಯಾಗ್ರಾಹಕಿ ಕ್ಯಾರಿ ಮೇ ವೀಮ್ಸ್ ಅವರ ‘ಕಿಚನ್ ಟೇಬಲ್ ಸೀರೀಸ್’. 1990ರಲ್ಲಿ ಮುಗಿದ ಕೆಲಸ. 20 ಕಪ್ಪು-ಬಿಳುಪು ಛಾಯಾಚಿತ್ರಗಳು, 14 ಬರಹದ ಫಲಕಗಳು. ಆಗ ವೀಮ್ಸ್ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಮೇಜು ಅವರ ಮನೆಯದೇ. ಮೇಜಿನ ಆಚೆ ಕೂತ ಹೆಂಗಸೂ ಅವರೇ. ಆದರೆ ಇದು ಅವರ ಆತ್ಮಕಥೆಯಲ್ಲ. ಪ್ರಿಯಕರ, ಗೆಳತಿಯರು, ಮಗಳು, ಹೀಗೆ ಬಂದುಹೋಗುವ ಎಲ್ಲರೂ ಪಾತ್ರ ವಹಿಸಿದವರು. ಆ ಹೊತ್ತಿಗೆ ವೀಮ್ಸ್ ಅವರ ಸ್ವಂತ ಮಗಳು ಬೆಳೆದು ದೊಡ್ಡವಳಾಗಿದ್ದಳು. ಚಿತ್ರದಲ್ಲಿರುವ ಪುಟ್ಟ ಹುಡುಗಿ ಬೇರೆ. ಕಂಪನಿ ನಾಟಕದ ರಂಗದ ಹಾಗೆ ಮೇಜು, ದೀಪ ಇದ್ದಲ್ಲೇ ಇರುತ್ತವೆ, ಹಿಂದಿನ ಗೋಡೆ ಮಾತ್ರ ಬದಲಾಗುತ್ತದೆ. ಒಂದು ಚಿತ್ರದಲ್ಲಿ ಗೋಡೆಗೆ ಪೋಸ್ಟರು, ಇನ್ನೊಂದರಲ್ಲಿ ಹಕ್ಕಿಯ ಪಂಜರ, ಮತ್ತೊಂದರಲ್ಲಿ ಬರೀ ಗೋಡೆ.

ಮೊದಲು ಗಂಡಸು ಬರುತ್ತಾನೆ. ಅವಳ ಮುಂದೆ ಕನ್ನಡಿ ಇದೆ; ಹ್ಯಾಟು ತೊಟ್ಟ ಅವನು ಮೇಲಿನಿಂದ ಬಾಗಿ ಅವಳ ಕಿವಿಯ ಹತ್ತಿರ ಮುಖ ತಂದಿದ್ದಾನೆ. ಅವನ ಮುಖವನ್ನು ಹ್ಯಾಟು ನುಂಗಿದೆ. ಮುಂದಿನ ಒಂದು ಚಿತ್ರದಲ್ಲಿ ಇಬ್ಬರ ಕೈಯಲ್ಲೂ ಇಸ್ಪೀಟು ಎಲೆಗಳು. ಮೇಜಿನ ಮೇಲೆ ಮದ್ಯದ ಲೋಟ, ಕಡಲೆಕಾಯಿ. ಅವನು ಸಿಗರೇಟು ಸೇದುತ್ತಿದ್ದಾನೆ, ಅವಳು ಎಲೆಗಳ ಮೇಲಿನಿಂದ ಅವನನ್ನು ಅಳೆಯುತ್ತಿದ್ದಾಳೆ. ಅವರ ಹಿಂದೆ ಗೋಡೆಯ ಮೇಲಿನ ಪೋಸ್ಟರಿನಲ್ಲಿ ಕಪ್ಪು ಜನರ ಹೋರಾಟದ ನಾಯಕ ಮಾಲ್ಕಂ ಎಕ್ಸ್ ಭಾಷಣ ಮಾಡುತ್ತಿದ್ದಾರೆ. ಹೋರಾಟ ಗೋಡೆಯ ಮೇಲಿದೆ, ಗಂಡು-ಹೆಣ್ಣಿನ ಪಂದ್ಯ ಗೋಡೆಯ ಕೆಳಗಿದೆ. ಒಂದೇ ಮನೆಯಲ್ಲಿ ಎರಡೂ ನಡೆಯುತ್ತವೆ ಎಂಬುದನ್ನು ತೋರಿಸಲು ವೀಮ್ಸ್ ಅವರಿಗೆ ಒಂದು ಪೋಸ್ಟರು, ಒಂದು ಹಿಡಿ ಕಡಲೆಕಾಯಿ ಸಾಕಾಯಿತು.

ಆಮೇಲೆ ಲಾಬ್‌ಸ್ಟರ್ ಊಟ. ಆಮೇಲೆ ಅವನು ಪತ್ರಿಕೆ ಬಿಡಿಸಿಕೊಂಡು ಕೂತ ಚಿತ್ರ, ಪತ್ರಿಕೆಯ ಅಗಲದಷ್ಟು ದೂರ ಇಬ್ಬರ ನಡುವೆ. ಆಮೇಲೆ ಅವನಿಲ್ಲ, ಮೇಜಿನ ಹತ್ತಿರ ಅವಳು, ಒಂದು ಟೆಲಿಫೋನು.

ಚಿತ್ರಗಳ ಜೊತೆಗಿರುವ ಬರಹ ಈ ಕಥೆಯನ್ನು ನೆರೆಮನೆಯವರು ಹೇಳುವ ದನಿಯಲ್ಲಿ ಹೇಳುತ್ತದೆ. ‘ಅವಳು’, ‘ಅವನು’ ಎಂದಷ್ಟೇ, ಯಾರಿಗೂ ಹೆಸರಿಲ್ಲ. ಜೋರಾಗಿ ನಗುವ, ಎಲ್ಲದರ ಬಗ್ಗೆಯೂ ತನ್ನದೇ ಅಭಿಪ್ರಾಯ ಇಟ್ಟುಕೊಂಡ ಹೆಂಗಸು. ಅದನ್ನೆಲ್ಲ ಸಹಿಸುವ, ಸಾಧ್ಯವಾದರೆ ಮೆಚ್ಚುವ ಗಂಡಸೊಬ್ಬ ಸಿಗಲಿ ಎಂಬ ಆಸೆ. ಸಿಗುತ್ತಾನೆ. ಪ್ರೀತಿ ಗಾಢವಾಗುತ್ತದೆ. ಮಗು ಬೇಕು ಎನ್ನುವುದು ಅವನು, ಬೇಡ ಎನ್ನುವುದು ಅವಳು, ಮಗುವೂ ಹುಟ್ಟುತ್ತದೆ. ಅವಳ ಸಂಪಾದನೆ ಏರುತ್ತದೆ, ಅವನಿಗೆ ಕೆಲಸವಿಲ್ಲ. ಅಲ್ಲಿಂದ ಮಾತಿಗೆ ಮಾತು. ಬ್ಲೂಸ್ ಹಾಡಿನ ತುಣುಕು, ಗಾದೆ, ಬೈಗುಳ, ಶಿಶುಗೀತೆ ಎಲ್ಲ ಕಲೆತ ಭಾಷೆ ಇದು. ವೀಮ್ಸ್ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಜಾನಪದ ಓದಿದವರು. ಅಡುಗೆಮನೆಯ ಮಾತಿಗೆ ಒಂದು ಪರಂಪರೆ ಇದೆ ಎಂದು ಬಲ್ಲವರು.

ಇಡೀ ಸರಣಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವ ಚಿತ್ರ ಇನ್ನೊಂದಿದೆ. ಮೇಜಿನ ಬಳಿ ತಾಯಿ, ಮಗಳು. ಇಬ್ಬರ ಮುಂದೆಯೂ ಒಂದೊಂದು ಪುಟ್ಟ ಕನ್ನಡಿ, ಇಬ್ಬರೂ ತುಟಿಗೆ ಬಣ್ಣ ಹಚ್ಚುತ್ತಿದ್ದಾರೆ. ತಾಯಿಯ ಕೈ ಎತ್ತಿದ ಬಗೆ ಹೇಗಿದೆಯೋ ಮಗಳದೂ ಹಾಗೇ. ಮಗಳು ತಾಯಿಯ ಕಡೆ ನೋಡುತ್ತಿಲ್ಲ, ತಾಯಿ ಮಗಳ ಕಡೆ ನೋಡುತ್ತಿಲ್ಲ. ಆದರೂ ಒಬ್ಬಳು ಇನ್ನೊಬ್ಬಳಿಂದ ಕಲಿತದ್ದು ಎದ್ದು ಕಾಣುತ್ತದೆ. ಕೂತು ಹೇಳಿಕೊಟ್ಟ ಪಾಠವಲ್ಲ ಇದು, ಪಕ್ಕದಲ್ಲಿ ಕೂತು ಬಂದದ್ದು. ಹುಡುಗಿಯ ಮುಖದಲ್ಲಿ ಆಟದ ಕಳೆ ಇಲ್ಲ. ತುಟಿಯ ಅಂಚು ತಪ್ಪಬಾರದು ಎಂಬ ಪೂರಾ ಗಮನ.

ಈ ಚಿತ್ರವನ್ನು ಮುದ್ದಾದ ತಾಯ್ತನದ ಚಿತ್ರವೆಂದು ಕ್ಯಾಲೆಂಡರಿಗೆ ಹಾಕಲು ಆಗುವುದಿಲ್ಲ. ಏಕೆಂದರೆ ಪಕ್ಕದ ಬರಹದಲ್ಲಿ ಇದೇ ಹೆಂಗಸು ತಾಯ್ತನದಿಂದ ತನ್ನ ಜನ್ಮ ಸಾರ್ಥಕವಾಯಿತು ಎನ್ನುವುದಿಲ್ಲ. ಮಗಳ ಮೇಲೆ ಪ್ರೀತಿ ಇದೆ, ಬೇಸರವೂ ಇದೆ. ಎರಡನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಳ್ಳುತ್ತಾಳೆ. ಇಂಥ ಮಾತನ್ನು ಬಿಳಿಯ ಕಾದಂಬರಿಗಾರ್ತಿಯ ನಾಯಕಿ ಆಡಿದರೆ ಅದನ್ನು ಮನಸ್ಸಿನ ಆಳ ಎನ್ನುತ್ತಾರೆ. ಕಪ್ಪು ತಾಯಿ ಆಡಿದರೆ ಅದು ಸರ್ಕಾರಿ ಕಡತಕ್ಕೆ ಸೇರುತ್ತದೆ. ಇದು ಬರೀ ಮಾತಿಗೆ ಹೇಳಿದ್ದಲ್ಲ, ನಿಜವಾಗಿ ಹಾಗೊಂದು ಕಡತ ಇತ್ತು.

1965ರ ಮಾರ್ಚಿನಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯ ಅಧಿಕಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ‘ನೀಗ್ರೋ ಕುಟುಂಬ’ದ ಬಗ್ಗೆ ಒಂದು ವರದಿ ಬರೆದರು. ನಿರುದ್ಯೋಗ, ಗುಲಾಮಗಿರಿಯ ಇತಿಹಾಸ, ಬಡತನ ಎಲ್ಲದರ ಪ್ರಸ್ತಾಪ ಅದರಲ್ಲಿತ್ತು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಬೇರೆ: ಕಪ್ಪು ಕುಟುಂಬಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಹೆಂಗಸರೇ ಯಜಮಾನಿಯರು, ಈ ಮನೆಗಳ ಕಟ್ಟೇ ಕುಸಿಯುತ್ತಿದೆ ಎಂಬ ಮಾತು. ಒಂದು ಅಧ್ಯಾಯದ ಹೆಸರಿನಲ್ಲೇ ಆ ಬದುಕನ್ನು ರೋಗಗಳ ಸಿಕ್ಕು ಎಂದು ಕರೆದಿದ್ದರು. ಮುಂದೆ ದಶಕಗಟ್ಟಲೆ ರಾಜಕಾರಣಿಗಳು, ಪತ್ರಿಕೆಗಳು ಕಪ್ಪು ಮನೆಯ ಬಾಗಿಲು ತೆರೆದಾಗೆಲ್ಲ ಕೈಯಲ್ಲಿ ಈ ಅಳತೆಪಟ್ಟಿ ಇರುತ್ತಿತ್ತು.

ವೀಮ್ಸ್ ಹುಟ್ಟಿದ್ದು 1953ರಲ್ಲಿ, ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ. ಮನೆಯವರು ದಕ್ಷಿಣದ ಹತ್ತಿಯ ಸೀಮೆಯಲ್ಲಿ ಕೋರಿಗೆ ಗೇಯ್ದು, ಅಲ್ಲಿಂದ ಗುಳೆ ಎದ್ದು ಬಂದವರು. ಅಜ್ಜ ಫ್ರ್ಯಾಂಕ್ ವೀಮ್ಸ್ ಆರ್ಕನ್ಸಾಸ್‌ನಲ್ಲಿ ಗೇಣಿ ರೈತರ ಸಂಘದಲ್ಲಿದ್ದರು. 1936ರಲ್ಲಿ ಮುಷ್ಕರದ ಹೊತ್ತಿನಲ್ಲಿ ಬಿಳಿಯರು ಅವರನ್ನು ಬಡಿದು, ಸತ್ತರೆಂದು ಬಿಟ್ಟುಹೋದರು. ಅವರು ಬದುಕುಳಿದು, ತಲೆತಪ್ಪಿಸಿಕೊಂಡು ಚಿಕಾಗೋ ಸೇರಿದರು. ಈ ಮನೆ ಚದುರಿದ್ದು ಯಾರಿಂದ ಎಂಬ ಪ್ರಶ್ನೆಯನ್ನು ವರದಿಯ ಅಳತೆಪಟ್ಟಿ ಕೇಳುವುದಿಲ್ಲ. ಮನೆಯೊಳಗೆ ಗಂಡಸು ಇದ್ದಾನೋ ಇಲ್ಲವೋ ಎಂದು ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ.

ಇದಕ್ಕೆ ವೀಮ್ಸ್ ಕೊಟ್ಟ ಮೊದಲ ಉತ್ತರ ‘ಫ್ಯಾಮಿಲಿ ಪಿಕ್ಚರ್ಸ್ ಅಂಡ್ ಸ್ಟೋರೀಸ್’. 1980ರ ದಶಕದ ಆರಂಭದಲ್ಲಿ ಮುಗಿದ ಈ ಕೆಲಸದಲ್ಲಿ ತಮ್ಮದೇ ಅಪ್ಪ, ಅಮ್ಮ, ಒಡಹುಟ್ಟಿದವರು, ಅವರ ಮಕ್ಕಳು, ಮನೆಯ ಗಲಾಟೆ, ನಗು ಎಲ್ಲವನ್ನೂ ತೆಗೆದು, ಜೊತೆಗೆ ಕಥೆಗಳನ್ನೂ ಇಟ್ಟರು. ಇದ್ದದ್ದನ್ನು ಇದ್ದ ಹಾಗೆ ತೆಗೆಯುವ ಚಿತ್ರಗಳು ಅವು. ಹತ್ತು ವರ್ಷ ಕಳೆಯುವ ಹೊತ್ತಿಗೆ ಆ ದಾರಿ ಬಿಟ್ಟು, ಒಂದು ಮೇಜು ಹಾಕಿ ಕಥೆ ಕಟ್ಟಲು ಕೂತರು. ಯಾಕೆ ಎಂಬುದಕ್ಕೆ ನನಗೆ ತೋಚುವ ಕಾರಣ ಇದು. ಸ್ವಂತ ಮನೆಯನ್ನು ತೆಗೆದು ತೋರಿಸಿದರೆ ಅದು ಸಾಕ್ಷಿಯಾಗುತ್ತದೆ. ಸಾಕ್ಷಿ ಎಂದ ಮೇಲೆ ಪಾಟೀಸವಾಲು ತಪ್ಪದು. ಇಂಥವರ ಮನೆ ಹೀಗಿದೆ, ಬೇರೆಯವರದು ಹೇಗಿದೆ ಎಂದು ಮತ್ತೆ ಅಳತೆ ಶುರು. ಕಥೆಗೆ ಆ ಹಂಗಿಲ್ಲ. ಕಟ್ಟಿದ ಚಿತ್ರದಲ್ಲಿ ಹೆಂಗಸು ಕುಡಿಯಬಹುದು, ಜಗಳವಾಡಬಹುದು, ಮಗಳ ಮೇಲೆ ರೇಗಬಹುದು, ಒಂಟಿಯಾಗಿ ಸುಖವಾಗಿರಬಹುದು. ಅವಳು ಯಾವ ಅಂಕಿಅಂಶಕ್ಕೂ ಉತ್ತರ ಕೊಡಬೇಕಿಲ್ಲ.

ಕಟ್ಟಿ ತೆಗೆಯುವುದು ಕಪ್ಪು ಅಮೆರಿಕಕ್ಕೆ ಹೊಸದೂ ಅಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಜೇಮ್ಸ್ ವ್ಯಾನ್ ಡೆರ್ ಝೀ ದಶಕಗಟ್ಟಲೆ ಸ್ಟುಡಿಯೋ ನಡೆಸಿದರು. ಅಲ್ಲಿ ಪರದೆಯ ಮೇಲೆ ಬರೆದ ಬೆಂಕಿಗೂಡು, ಒಳ್ಳೆಯ ಕುರ್ಚಿ, ಹೂದಾನಿ ಇರುತ್ತಿದ್ದವು. ಮದುವೆ ಜೋಡಿಯ ಚಿತ್ರವೊಂದರಲ್ಲಿ ಎರಡು ನೆಗೆಟಿವ್ ಬೆರೆಸಿ, ಮುಂದೆ ಹುಟ್ಟಲಿರುವ ಮಗುವನ್ನು ನೆರಳಿನಂತೆ ಅವರ ಕಾಲ ಬಳಿ ಕೂರಿಸಿದರು. ಗಿರಾಕಿ ಒಡವೆ ತಂದಿಲ್ಲವೆಂದರೆ ನೆಗೆಟಿವ್ ಮೇಲೆ ಕೆತ್ತಿ ಒಡವೆ ಹಾಕುತ್ತಿದ್ದರು. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬಾಡಿಗೆ ಕೋಣೆಯಲ್ಲಿ ಬದುಕುತ್ತಿದ್ದ ಮನುಷ್ಯ ತನ್ನ ಮಕ್ಕಳಿಗೆ ಬಿಟ್ಟುಹೋಗಲು ಬಯಸಿದ ಮನೆ ಅದು.

ಇನ್ನು ಬೆಳಕಿನ ಮಾತು. ಛಾಯಾಗ್ರಹಣ ಅಂದರೆ ಬೆಳಕು ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ ಎಂದುಕೊಳ್ಳುತ್ತೇವೆ, ಬಣ್ಣದ ಫಿಲಂ ಹಾಗಿರಲಿಲ್ಲ. ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಪಟದಲ್ಲಿ ಬಿಳಿಯ ಹೆಂಗಸೊಬ್ಬಳ ಚಿತ್ರ ಇರುತ್ತಿತ್ತು. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ಅವಳ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ. ಕಪ್ಪು ಮುಖ ಬಿಳಿಯ ಮುಖದ ಪಕ್ಕ ಕೂತರೆ ಕಣ್ಣು, ಹಲ್ಲು ಮಾತ್ರ ಉಳಿದು ಮಿಕ್ಕದ್ದು ಕತ್ತಲಲ್ಲಿ ಕರಗುತ್ತಿತ್ತು. ಫಿಲಂ ಸುಧಾರಿಸಲು ಕಂಪನಿಯನ್ನು ಒತ್ತಾಯಿಸಿದವರಲ್ಲಿ ಪೀಠೋಪಕರಣ ಮತ್ತು ಚಾಕೊಲೇಟ್ ತಯಾರಕರು ಮುಖ್ಯರು. ಮರದ ಬಣ್ಣಗಳ, ಚಾಕೊಲೇಟಿನ ಬಣ್ಣಗಳ ವ್ಯತ್ಯಾಸ ಜಾಹೀರಾತಿನಲ್ಲಿ ಕಾಣುತ್ತಿಲ್ಲ ಎಂಬುದು ಅವರ ದೂರು. ಮನುಷ್ಯರ ಮುಖಕ್ಕೆ ಸಿಗದ ಕಿವಿ ಕುರ್ಚಿಗೆ, ಮಿಠಾಯಿಗೆ ಸಿಕ್ಕಿತು. ಅದೇ ಫಿಲಂ ನಮ್ಮೂರುಗಳ ಸ್ಟುಡಿಯೋಗೂ ಬಂದಿತ್ತು. ಹಳೆಯ ಮದುವೆ ಆಲ್ಬಂ ತೆರೆದು ನೋಡಿ, ಫ್ಲ್ಯಾಶಿನ ಹೊಡೆತಕ್ಕೆ ರೇಷ್ಮೆಯ ಜರಿ ಝಗಝಗಿಸುತ್ತದೆ, ಹಿಂದಿನ ಸಾಲಿನಲ್ಲಿ ನಿಂತ ಕಪ್ಪನೆಯ ಸೋದರಮಾವನ ಮುಖ ಹುಡುಕಬೇಕಾಗುತ್ತದೆ.

ವೀಮ್ಸ್ ಆರಿಸಿಕೊಂಡದ್ದು ಕಪ್ಪು-ಬಿಳುಪು. ಆ ದಾರಿಯಲ್ಲಿ ಅವರಿಗಿಂತ ಮುಂಚೆ ನಡೆದವರು ರಾಯ್ ಡೆಕರಾವಾ. ಹಾರ್ಲೆಮ್‌ನ ಮನೆಗಳ ಒಳಗನ್ನು ಫ್ಲ್ಯಾಶಿಲ್ಲದೆ, ಇದ್ದ ಬೆಳಕಿನಲ್ಲೇ ತೆಗೆದು, ಕಪ್ಪಿನಿಂದ ಬೂದಿಯವರೆಗಿನ ಹತ್ತಾರು ಮೆಟ್ಟಿಲುಗಳನ್ನು ಕಾಗದದ ಮೇಲೆ ತಂದವರು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಬರಹದೊಂದಿಗೆ 1955ರಲ್ಲಿ ಬಂದ ಅವರ ಪುಸ್ತಕದಲ್ಲೂ ನಿಜವಾದ ಚಿತ್ರಗಳಿಗೆ ಕಟ್ಟಿದ ಕಥೆಯ ಜೋಡಣೆ ಇದೆ. ಕಿಚನ್ ಟೇಬಲ್ ಚಿತ್ರಗಳಲ್ಲಿ ಅವಳ ತೋಳು, ಕೊರಳು, ಕೆನ್ನೆ ಒಂದೊಂದೂ ಬೇರೆ ಬೇರೆ ಕಪ್ಪು. ದೀಪ ಅವಳ ನೆತ್ತಿಯ ಮೇಲೇ ಇರುವುದರಿಂದ ಹಣೆ, ಕೆನ್ನೆಯ ಏರುಗಳು ಹೊಳೆಯುತ್ತವೆ, ಕಣ್ಣಿನ ಕುಳಿಯಲ್ಲಿ ನೆರಳು ನಿಲ್ಲುತ್ತದೆ. ಪೊಲೀಸ್ ಠಾಣೆಯ ವಿಚಾರಣೆಯ ಕೋಣೆಗೂ ಇಂಥದೇ ದೀಪ ಇರುತ್ತದಲ್ಲ ಎಂದು ಯಾರಿಗಾದರೂ ಅನಿಸಬಹುದು, ಅನಿಸಲಿ. ಆದರೆ ಇಲ್ಲಿ ವಿಚಾರಣೆ ನಡೆಸುವವಳು ದೀಪದ ಕೆಳಗೇ ಕೂತಿದ್ದಾಳೆ.

ಅದು ನಿಚ್ಚಳವಾಗುವುದು ಅವಳು ಎದ್ದು ನಿಂತ ಚಿತ್ರದಲ್ಲಿ. ಎರಡೂ ಅಂಗೈ ಮೇಜಿಗೆ ಊರಿ, ತೋಳು ನೇರ ಮಾಡಿ, ಮುಂದಕ್ಕೆ ಬಾಗಿ ನಿಂತಿದ್ದಾಳೆ. ನೋಟ ಸೀದಾ ಕ್ಯಾಮೆರಾಕ್ಕೆ. ಅಲ್ಲಿಯವರೆಗೆ ಆರಾಮಾಗಿ ಕೂತು ಅವಳ ಮನೆಯ ಪಂಚಾಯಿತಿ ನೋಡುತ್ತಿದ್ದ ನಾವು ಸ್ವಲ್ಪ ಹಿಂದಕ್ಕೆ ಸರಿಯುತ್ತೇವೆ. ಸಿನಿಮಾ ಕ್ಯಾಮೆರಾ ಗಂಡಿನ ಕಣ್ಣಾಗಿ ಹೆಣ್ಣನ್ನು ನೋಡುತ್ತದೆ ಎಂದು ಲಾರಾ ಮಲ್ವಿ 1975ರಲ್ಲಿ ಬರೆದ ಪ್ರಬಂಧ ಕಲಾಶಾಲೆಗಳಲ್ಲೆಲ್ಲ ಚರ್ಚೆಯಾಗುತ್ತಿದ್ದ ಕಾಲ ಅದು. ಆ ಚರ್ಚೆಯೊಳಗೆ ಕಪ್ಪು ಹೆಂಗಸು ಎಲ್ಲಿದ್ದಾಳೆ ಎಂಬುದು ವೀಮ್ಸ್ ಎತ್ತಿದ ತಕರಾರು. ಅವಳು ನೋಡಿಸಿಕೊಳ್ಳುವವಳ ಪಟ್ಟಿಯಲ್ಲೂ ಇರಲಿಲ್ಲ, ನೋಡುವವಳ ಪಟ್ಟಿಯಲ್ಲೂ ಇರಲಿಲ್ಲ. ತಕರಾರನ್ನು ಪ್ರಬಂಧವಾಗಿ ಬರೆಯದೆ ಎರಡು ಅಂಗೈಗಳಾಗಿ ಮೇಜಿನ ಮೇಲೆ ಇಟ್ಟರು.

ಗೆಳತಿಯರ ಚಿತ್ರಗಳ ಬಗ್ಗೆಯೂ ಹೇಳಬೇಕು, ಜನ ಇವನ್ನು ಬೇಗ ದಾಟಿಬಿಡುತ್ತಾರೆ. ಅವನು ಹೋದ ಮೇಲೆ ಬರುವವರು ಇವರು. ಮೂವರು ಮೇಜಿನ ಸುತ್ತ ಲೋಟ ಹಿಡಿದು ಕೂತಿದ್ದಾರೆ, ನಗುತ್ತಿದ್ದಾರೆ. ಒಂದು ಚಿತ್ರದಲ್ಲಿ ಅವಳು ತಲೆಯನ್ನು ಇನ್ನೊಬ್ಬ ಹೆಂಗಸಿಗೆ ಒಪ್ಪಿಸಿ ಕಣ್ಣು ಮುಚ್ಚಿದ್ದಾಳೆ. ಆಕೆ ಅವಳ ಕೂದಲು ಬಾಚುತ್ತಿದ್ದಾಳೆ. ಕಪ್ಪು ಹೆಂಗಸರ ಕೂದಲಿನ ಬಗ್ಗೆ ಅಮೆರಿಕದ ಶಾಲೆ, ಕಚೇರಿ, ಜಾಹೀರಾತುಗಳು ಮಾಡಿದ ರಗಳೆ ಅಷ್ಟಿಷ್ಟಲ್ಲ. ಆ ಕೂದಲಿಗೆ ಇಲ್ಲಿ ಸಿಗುವುದು ಪರಿಚಿತ ಕೈ. ತಪ್ಪೊಪ್ಪಿಸುವ, ಸಮಾಧಾನ ಹೇಳುವ, ಬೈಯುವ ಮಾತೆಲ್ಲ ಬಾಚಣಿಗೆಯ ಜೊತೆಗೇ ನಡೆಯುತ್ತದೆ. ಮೊಯ್ನಿಹಾನ್ ವರದಿ ಹೆಂಗಸರ ಮನೆ ಎಂದು ಕೊರತೆಯ ಖಾನೆಗೆ ಬರೆದದ್ದರ ಒಳಗೆ ಏನಿತ್ತು ಎಂದು ಯಾರಾದರೂ ಕೇಳಿದರೆ ಈ ಚಿತ್ರ ತೋರಿಸಬೇಕು.

ಮುಂದಿನದು ಹೆಸರಿನ, ಗೌರವದ ಕಥೆ, ಚುಟುಕಾಗಿ ಹೇಳುತ್ತೇನೆ. 2013ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್. 2014ರಲ್ಲಿ ನ್ಯೂಯಾರ್ಕಿನ ಗುಗ್ಗನ್‌ಹೈಮ್‌ನಲ್ಲಿ ಸಮಗ್ರ ಪ್ರದರ್ಶನ. ಆಫ್ರಿಕನ್ ಅಮೆರಿಕನ್ ಮಹಿಳೆಯೊಬ್ಬರಿಗೆ ಆ ಸಂಗ್ರಹಾಲಯ ಅಂಥ ಜಾಗ ಕೊಟ್ಟದ್ದು ಅದೇ ಮೊದಲು. 2023ರಲ್ಲಿ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ.

ಗೌರವಕ್ಕಿಂತ ನನಗೆ ಮುಖ್ಯವೆನಿಸುವುದು ಆ ಮೇಜಿನಿಂದ ಎದ್ದು ಬಂದ ದಾರಿಗಳು. ಪೆನ್ಸಿಲ್ವೇನಿಯಾದ ಬ್ರ್ಯಾಡಕ್ ಎಂಬ ಉಕ್ಕಿನ ಊರಿನಲ್ಲಿ ಲಟೋಯಾ ರೂಬಿ ಫ್ರೇಜರ್ ಅಜ್ಜಿ, ಅಮ್ಮ, ತಾನು, ಈ ಮೂರು ತಲೆಮಾರನ್ನು ವರ್ಷಗಟ್ಟಲೆ ತೆಗೆದರು. ಅಮ್ಮ ಬರೀ ತೆಗೆಸಿಕೊಳ್ಳಲಿಲ್ಲ, ತಾನೂ ಕ್ಯಾಮೆರಾ ಹಿಡಿದಳು, ಹೇಗೆ ನಿಲ್ಲಬೇಕೆಂದು ಹೇಳಿದಳು. ಕಾರ್ಖಾನೆಯ ಹೊಗೆ, ಕಾಯಿಲೆ, 2010ರಲ್ಲಿ ಮುಚ್ಚಿದ ಊರಿನ ಆಸ್ಪತ್ರೆ ಎಲ್ಲವೂ ಮನೆಯ ಹಾಸಿಗೆ, ಸೋಫಾದವರೆಗೆ ಬಂದಿರುವುದು ಅಲ್ಲಿ ಕಾಣುತ್ತದೆ.

ಡೀನಾ ಲಾಸನ್ ಹಿಡಿದ ದಾರಿ ಇನ್ನೂ ಮುಂದಕ್ಕೆ ಹೋಗುತ್ತದೆ. ಅವರು ಹುಟ್ಟಿದ್ದು ಕೊಡಾಕ್‌ನ ತವರು ರೋಚೆಸ್ಟರಿನಲ್ಲಿ, 1979ರಲ್ಲಿ. ಅಮ್ಮ ಕೊಡಾಕ್‌ನಲ್ಲಿ ದುಡಿದವರು, ಅಜ್ಜಿ ಕಂಪನಿಯ ಸ್ಥಾಪಕ ಜಾರ್ಜ್ ಈಸ್ಟ್‌ಮನ್ ಅವರ ಮನೆಗೆಲಸಕ್ಕೆ ಹೋಗುತ್ತಿದ್ದವರು. ಲಾಸನ್ ಬೀದಿಯಲ್ಲಿ, ಅಂಗಡಿಯಲ್ಲಿ ಕಂಡ ಅಪರಿಚಿತರನ್ನು ಮಾತಾಡಿಸಿ, ಯಾರದೋ ಮನೆಯ ಕೋಣೆಯಲ್ಲಿ ಪರದೆ, ಸೋಫಾ, ಗೋಡೆಯ ಚಿತ್ರ ಎಲ್ಲವನ್ನೂ ಜೋಡಿಸಿ ಅವರನ್ನು ಜೋಡಿಯಾಗಿ, ಕುಟುಂಬವಾಗಿ ನಿಲ್ಲಿಸುತ್ತಾರೆ. ಒಬ್ಬರನ್ನೊಬ್ಬರು ಆ ದಿನವೇ ಕಂಡವರು ತಬ್ಬಿಕೊಂಡು ನಿಂತಿರುತ್ತಾರೆ. ಅಪರಿಚಿತರ ಮೈಯನ್ನು ಹೀಗೆ ಜೋಡಿಸುವ ಹಕ್ಕು ಯಾರದು ಎಂಬ ಆಕ್ಷೇಪ ಇದೆ, ಅದನ್ನು ತಳ್ಳಿಹಾಕಲಾರೆ. ವೀಮ್ಸ್ ತಮ್ಮ ಮೈಯನ್ನೇ ದೀಪದ ಕೆಳಗೆ ಇಟ್ಟಿದ್ದರು. ಆ ಕೆಚ್ಚು ನನಗೆ ಹೆಚ್ಚು ಪ್ರಿಯ. ಆದರೆ ಲಾಸನ್ ಚಿತ್ರದಲ್ಲಿ ನಿಂತವರ ಮುಖದ ಗತ್ತು ನೋಡಿದರೆ, ಬಾಡಿಗೆ ಮನೆಯ ಸವೆದ ಕಾರ್ಪೆಟ್ಟು ಸಿಂಹಾಸನದ ಮುಂದಿನ ಹಾಸಾಗಿಬಿಡುತ್ತದೆ. ಹಾರ್ಲೆಮ್‌ನ ಸ್ಟುಡಿಯೋದಲ್ಲಿ ಬರೆದ ಬೆಂಕಿಗೂಡಿನ ಮುಂದೆ ನಿಂತವರ ಸಂತತಿ ಇವರು.

ಕಿಚನ್ ಟೇಬಲ್ ಸರಣಿಯ ಒಂದೊಂದೇ ಚಿತ್ರ ಈಗ ಫೋನಿನ ಪರದೆಯಲ್ಲಿ ಓಡಾಡುತ್ತದೆ, ಹೆಚ್ಚಾಗಿ ಎದ್ದು ನಿಂತವಳದು ಅಥವಾ ತುಟಿಬಣ್ಣದ್ದು. ಹಾಗೆ ಬಿಡಿಬಿಡಿಯಾಗಿ ನೋಡಿ ನಿಲ್ಲಿಸಬಾರದು. 2016ರಲ್ಲಿ ಇಡೀ ಸರಣಿ ಬರಹದ ಫಲಕಗಳ ಜೊತೆ ಪುಸ್ತಕವಾಗಿ ಬಂತು. ಸಿಕ್ಕರೆ ಅದನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಓದಬೇಕು. ಆಗ ಒಂದು ಸಂಗತಿ ಗೊತ್ತಾಗುತ್ತದೆ: ಬರಹ ಹೇಳುವುದನ್ನು ಚಿತ್ರ ತೋರಿಸುವುದಿಲ್ಲ. ಬರಹದಲ್ಲಿ ಅವನು ಕೂಗಾಡುತ್ತಾನೆ, ಚಿತ್ರದಲ್ಲಿ ಇಸ್ಪೀಟು ಆಡುತ್ತಾನೆ. ಬರಹದಲ್ಲಿ ಅವಳು ಮಗಳ ಬಗ್ಗೆ ಕಟುವಾಗಿ ಮಾತಾಡುತ್ತಾಳೆ, ಚಿತ್ರದಲ್ಲಿ ಇಬ್ಬರ ಕೈಗಳೂ ಒಂದೇ ಹದದಲ್ಲಿ ಏಳುತ್ತವೆ. ಊರು ಆಡಿಕೊಳ್ಳುವ ಮಾತು ಒಂದು ಕಡೆ, ಮೇಜಿನ ಬಳಿ ನಡೆದದ್ದು ಇನ್ನೊಂದು ಕಡೆ. ಈ ಎರಡರಲ್ಲಿ ಯಾವುದನ್ನು ಎಷ್ಟು ನಂಬಬೇಕು ಎಂಬುದನ್ನು ವೀಮ್ಸ್ ಎಲ್ಲೂ ಹೇಳುವುದಿಲ್ಲ. ಅದನ್ನು ತೂಗುವ ಕೆಲಸ ಮೇಜಿನ ಈಚೆ ಕೂತವರದು.